ಬೆಲೆಚೀಟಿಯ ಕೆಳಗೆ

ಕುತಾಯಿಸಿಯ ಸಂತೆಬೀದಿಯ ಹಿಂದೆ ನಮ್ಮ ಔಷಧಿ ಅಂಗಡಿ.
ಆರು ವರ್ಷ ನಾನಲ್ಲಿ ಮಾಡಿದ್ದು
ಡಬ್ಬಿಗಳಿಗೆ ಬೆಲೆಚೀಟಿ ಅಂಟಿಸುವ ಕೆಲಸ.
ಎಡಗೈಲಿ ಡಬ್ಬಿ, ಬಲಗೈಲಿ ಯಂತ್ರ, ಟಕ್.
ಅಚ್ಚಿಲ್ಲದ ಬಿಳಿ ಜಾಗ ಹುಡುಕಿ ಅಂಟಿಸುತ್ತಿದ್ದೆ.
ಅಲ್ಲಿ ಬೆರಳಿಗೆ ಏನೋ ತರಿತರಿ.
ರಟ್ಟಿನ ಗುಣ ಅಂದುಕೊಂಡಿದ್ದೆ.

ವಖುಷ್ತಿ ಬಂದದ್ದು ಫೆಬ್ರವರಿಯ ಸಂಜೆ,
ಬಿಳಿ ಕೋಲಿನ ತುದಿಗೆ ಕೆಸರು.
ಪಿಯಾನೊಗಳಿಗೆ ಶ್ರುತಿ ಕೂಡಿಸುವವನು;
ಎದೆಯೊಳಗೆ ಹೊಸ ಕವಾಟ ಕೂತು ಮೂರು ವಾರ.
ಡಬ್ಬಿಯನ್ನು ಮೇಜಿನ ಮೇಲಿಟ್ಟು
ಉಗುರಿನಿಂದ ಚೀಟಿ ಕೆರೆಯುತ್ತ ಹೇಳಿದ:
"ಮಗಳೇ, ಇದರ ಬೆಲೆ ನನಗೆ ಗೊತ್ತು,
ಕೊಟ್ಟವನು ನಾನೇ.
ಹೆಸರು ಓದಬೇಕಿತ್ತು. ಅದರ ಮೇಲೆ ನೀನು ಕೂತಿದ್ದೀಯ."

ಬೈದಿದ್ದರೆ ಮರೆತುಬಿಡುತ್ತಿದ್ದೆ.

ಎರಡು ಡಬ್ಬಿ, ಒಂದೇ ಗಾತ್ರ.
ಗುರುತಿಗೆಂದು ಒಂದಕ್ಕೆ ರಬ್ಬರು ಹಾಕಿದ್ದನಂತೆ.
ಮೊನ್ನೆ ರಾತ್ರಿ ಅದು ಹರಿದು ಎಲ್ಲಿಗೋ ಹಾರಿತು.
ಬೆಳಗಿನವರೆಗೂ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು
ಸುಮ್ಮನೆ ಕೂತಿದ್ದನಂತೆ.
ಆಸ್ಪತ್ರೆಯವರು ಕೊಟ್ಟದ್ದು ನುಣುಪಾದ ಒಂದು ಹಾಳೆ,
"ಎಲ್ಲ ಇದರಲ್ಲಿದೆ" ಎಂಬ ಒಂದು ಮಾತು.

ಉಳಿದದ್ದನ್ನು ಊರು ಕೊಟ್ಟಿತು, ಬಾಯಿಗೊಂದು ಮದ್ದು.
ಮೇಲಿನ ಮಹಡಿಯ ದಾರೆಜಾನ್: ಸೊಪ್ಪಿನ ಗಾಳಿಯೂ ಸೋಕಬಾರದು.
ಟ್ಯಾಕ್ಸಿಯ ಎಲ್ಗುಜಾ: ಬೀಟ್‌ರೂಟ್ ತಿನ್ನು, ರಕ್ತ ಊರುತ್ತದೆ.
ಟಿವಿಯಲ್ಲೊಬ್ಬಳು: ಮಾತ್ರೆ ಎಸೆದು ಈ ಕಷಾಯ ಕುಡಿ.
"ಕಿವಿಯ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ,"
ಅಂದ ವಖುಷ್ತಿ, "ಆದರೆ ಮನುಷ್ಯರ ದನಿಯಲ್ಲಿ
ಗೊತ್ತಿಲ್ಲದ್ದೂ ಗೊತ್ತಿದ್ದಷ್ಟೇ ಗಟ್ಟಿಯಾಗಿ ಕೇಳಿಸುತ್ತದೆ."

ಬಾಗಿಲು ಅರ್ಧ ಎಳೆದೆ.
ಡಬ್ಬಿಯೊಳಗಿನ ಕಾಗದ ಬಿಚ್ಚಿದೆ:
ಈರುಳ್ಳಿ ಸಿಪ್ಪೆಯಷ್ಟು ತೆಳು, ಎಂಟು ಮಡಿಕೆ,
ಇರುವೆಸಾಲಿನ ಅಕ್ಷರ.
ಎರಡು ಕಣ್ಣಿದ್ದ ನಾನೂ ಬಲ್ಬಿನ ಕೆಳಗೇ ನಿಲ್ಲಬೇಕಾಯಿತು.
ಸಾವಿರಾರು ಡಬ್ಬಿ ಮಾರಿದ್ದೆ,
ಇಂಥದ್ದೊಂದನ್ನು ಓದಿದ್ದು ಅಂದೇ ಮೊದಲು.
ಅವನು ಫೋನಿನಲ್ಲಿ ಧ್ವನಿಮುದ್ರಣ ಒತ್ತಿ
ಕೈಕಟ್ಟಿ ಕೂತ.

"ಹತ್ತು ಸಾವಿರದಲ್ಲಿ ಒಬ್ಬರಿಗೆ..."
"ತಡಿ. ಅಂದರೆ ನಮ್ಮೂರಲ್ಲಿ ಹತ್ತು ಹನ್ನೆರಡು ಜನ.
ಪಾಪ, ಯಾರೋ. ಮುಂದೆ ಓದು."
ಕಷ್ಟದ ಪದವೊಂದನ್ನು ಮೆಲ್ಲಗೆ ದಾಟಿಸಿದೆ.
"ಇಲ್ಲೊಂದು ನುಂಗಿದೆ. ನಿನ್ನ ಉಸಿರು ತಪ್ಪಿತು."

ಕೊನೆಗೆ ತ್ಸಿಸಾನಾ ಡಾಕ್ಟರಿಗೆ ಫೋನು ಮಾಡಿದೆ.
ಊಟದ ಮಧ್ಯೆ ಎದ್ದು ಬಂದು, ಒಂದೊಂದಾಗಿ ಹೇಳಿದರು:
ಸೊಪ್ಪು ಬಿಡಬೇಕಿಲ್ಲ, ದಿನವೂ ಹೆಚ್ಚುಕಡಿಮೆ ಒಂದೇ ಅಳತೆ.
ಮರೆತ ಮಾತ್ರೆಯ ಲೆಕ್ಕಕ್ಕೆ ಮರುದಿನ ಎರಡು ನುಂಗಬಾರದು.
ರಕ್ತ ಪರೀಕ್ಷೆ ತಪ್ಪಿಸಬಾರದು.
ಕಷಾಯದ ಮಾತು ಬಂದಾಗ ಬೈದರು, ಅದೂ ಮುದ್ರಣವಾಯಿತು.

ವಖುಷ್ತಿ ನಕ್ಕುಬಿಟ್ಟ.
"ಬಿಗಿದರೆ ತಂತಿ ಹರಿಯುತ್ತೆ, ಬಿಟ್ಟರೆ ಅಪಸ್ವರ.
ಇದು ನಮ್ಮ ಕಸುಬಿನ ಮಾತ್ರೆ ಕಣೇ!
ಇಷ್ಟು ಹೇಳಲು ಮೂರು ವಾರ ಬೇಕಿತ್ತೇ?"
ಆಮೇಲೆ ನನ್ನ ಬೆರಳು ಹಿಡಿದು ಚುಕ್ಕಿಗಳ ಮೇಲೆ ಆಡಿಸಿದ.
ನನಗೆ ಏನೂ ಓದಲಾಗಲಿಲ್ಲ,
ಗೋಡೆಯ ಮೇಲೆ ಕೈಯಾಡಿಸಿದ ಹಾಗೆ.

ಈಗ ಹೆಬ್ಬೆರಳಿನಿಂದ ಸವರಿ ನೋಡಿ ಚೀಟಿ ಅಂಟಿಸುತ್ತೇನೆ.
ನಿಧಾನವಾಯಿತೆಂದು ಯಜಮಾನರ ಗೊಣಗಾಟ.
ಎಷ್ಟೋ ಡಬ್ಬಿಗಳು ಎಲ್ಲಿ ಸವರಿದರೂ ನುಣುಪು.
ಅವುಗಳ ಮೇಲೆ ಎಲ್ಲಿ ಬೇಕಾದರೂ ಅಂಟಿಸಬಹುದು,
ಅದೇ ಬೇಸರ.

ನಿನ್ನೆ ರೊಟ್ಟಿಗೂಡಿನ ನಾಝಿಬ್ರೋಲಾ ಬಂದಿದ್ದಳು,
ಕಿವಿ ಕೇಳದವಳು, ಬಸುರಿ, ಕೈಯಲ್ಲೊಂದು ಔಷಧಿ ಚೀಟಿ.
ನಾನೋ ಹೊಸ ಉತ್ಸಾಹದಲ್ಲಿ ಕಾಗದ ಬಿಚ್ಚಿ
ತಲೆ ತಗ್ಗಿಸಿ, ಗಟ್ಟಿಯಾಗಿ ಓದಿದ್ದೇ ಓದಿದ್ದು.
ಸ್ವಲ್ಪ ಹೊತ್ತು ಕಾದಳು.
ಆಮೇಲೆ ಹಿಟ್ಟು ಮೆತ್ತಿದ ಕೈಯಿಂದ ನನ್ನ ಗಲ್ಲ ಹಿಡಿದು
ಮುಖವನ್ನು ಮೇಲೆತ್ತಿ,
ಕಿಟಕಿಯ ಬೆಳಕಿಗೆ ತಿರುಗಿಸಿದಳು.

ಮೊದಲ ಸಾಲಿಗೆ ಹೋದೆ.