ಸೂಜಿ ಕಡೆ, ಚಕ್ರದ ಕಡೆ

ಡಬ್ಬಿಯ ಮೇಲೆ ಐದು ಕಿಲೋಮೀಟರು ಅಂತ ಬರೆದಿತ್ತು.
ಬೆಂಗಳೂರು ರೋಡಿನ ಜಿಲಾನಿ ನಕ್ಕ:
'ಡಬ್ಬಿ ಮೇಲಿನ ಕಿಲೋಮೀಟರು ಡಬ್ಬಿಯೊಳಗೇ ಇರ್ತಾವಕ್ಕ.
ಬಯಲಾಗೆ ಎರಡು ಸಿಕ್ರೆ ನಿನ್ನ ಪುಣ್ಯ,
ಗುಡ್ಡ ಅಡ್ಡ ಬಂತೋ, ಅದೂ ಇಲ್ಲ.'

ಎರ್ರಿಸ್ವಾಮಿಗೆ ಸಣ್ಣದು ಬೇಕಿತ್ತು, ಜೇಬಿಗೆ ಹಿಡಿಯುವಂಥದ್ದು.
ನನಗೆ ಗುಂಡಿ ದೊಡ್ಡದಿರಬೇಕಿತ್ತು.
ಇಪ್ಪತ್ತು ವರ್ಷ ಜೀನ್ಸಿನ ದಪ್ಪ ಹೊಲಿಗೆ ದಾಟಿಸಿದ ಬೆರಳು,
ಮೆತ್ತನೆಯದೇನೂ ಅದಕ್ಕೆ ತಾಕುವುದಿಲ್ಲ ಈಗ.
ಅಂಗುಸ್ತಾನ ಹಾಕಿಕೊಂಡೇ ಒತ್ತಿ ನೋಡಿದೆ, ಒಂದೊಂದೇ ಸೆಟ್ಟು.
ಟಕ್ ಅಂದದ್ದನ್ನು ತಗೊಂಡೆ.
ಪರವಾನಗಿ ಬೇಡದ್ದು, ಫೋನಿನ ಚಾರ್ಜರೇ ಸಾಕಾಗುವುದು,
ಹಳದಿ ಬಣ್ಣದ್ದು:
ನಮ್ಮ ಬಟ್ಟೆಚೂರಿನ ರಾಶಿಯಲ್ಲಿ ನೀಲಿ ಬಿದ್ದರೆ ಸಿಗುವುದಿಲ್ಲ.

'ಒತ್ತಿದಾಗ ಬಾಯಿ, ಬಿಟ್ಟಾಗ ಕಿವಿ.
ಇಬ್ರೂ ಒತ್ತಿದ್ರೆ ಇಬ್ರಿಗೂ ಕೇಳಲ್ಲ.'
ಜಿಲಾನಿಯ ಪಾಠ ಅಷ್ಟೆ.
ನಮ್ಮ ಮನೆಗೆ ಯಾವತ್ತೋ ಬಂದಿದ್ದನೇನೋ ಇವನು, ಅಂದುಕೊಂಡೆ.

ಮುಂದೆ ಅವನ ಬೊಲೆರೊ. ಅದರ ಬಾಲಕ್ಕೆ ತಗಡಿನ ಮನೆ:
ಎರಡು ಮಿಷನ್ನು, ಒಂದು ಮಂಚ, ಸ್ಟೌ,
ಮೊಳೆಗೆ ನೇತುಬಿದ್ದು ಕುಣಿಯುವ ಕತ್ತರಿಗಳು.
ಹಿಂದೆ ನಾನು, ಪ್ಯಾಂಟಿನ ಗಂಟು ತುಂಬಿದ ಟಾಟಾ ಏಸಿನಲ್ಲಿ.
ಅವನ ಕನ್ನಡಿಗೆ ತಗಡು ಬಿಟ್ಟು ಬೇರೇನೂ ಕಾಣದು.

ಎರಡನೇ ಚಾನೆಲ್ಲಿನಲ್ಲಿ ಯಾರದೋ ಅಕ್ಕಿ ಮಿಲ್ಲು.
'ನೂರಾ ಹದಿನಾರು, ನೂರಾ ಹದಿನೇಳು...'
ಇವನು ನಡುವೆ ಬಾಯಿ ಹಾಕಿದ: 'ಬಲಕ್ಕೆ ಲಾರಿ ಐತಾ?'
ಎಣಿಕೆ ತಪ್ಪಿದ ಹಮಾಲಿ ಬೈದ ಬೈಗುಳ
ಎರಡು ಗಾಡಿಗೂ ಸಮನಾಗಿ ಬಂತು.
ಏಳಕ್ಕೆ ಸರಿದೆವು.

ತೆಕ್ಕಲಕೋಟೆ ದಾಟಿದ ಮೇಲೆ ಅವನ ದನಿ ನಿಲ್ಲಲೇ ಇಲ್ಲ.
ಸೆಟ್ಟು ತೊಡೆ ಕೆಳಗೆ ಸಿಕ್ಕಿ ಗುಂಡಿ ಅದುಮಿಕೊಂಡಿದೆ,
ಅವನಿಗೆ ಗೊತ್ತಿಲ್ಲ.
ಕೆಮ್ಮಿದ. ಸೊಂಟ ಮೂವತ್ತೆರಡು, ಉದ್ದ ನಲವತ್ತು ಅಂದ.
ಆಮೇಲೆ, ಯಾರೂ ಕೂರದ ಸೀಟಿಗೆ:
'ಬಳೆ ಬಿಡಿಸಿ ಕೊಡ್ತೀನಿ ಅಂತ ಈಗ್ಲೇ ಹೇಳ್ಲಾ,
ಬಿಡಿಸಿದ್ ಮ್ಯಾಲೆ ಹೇಳ್ಲಾ?
ಈಗ ಹೇಳಿದ್ರೆ ನಗ್ತಾಳೆ.'

ಆಗಲೇ ಕಂಡದ್ದು. ಕೊಕ್ಕೆಯ ಸರಪಳಿ ಜಾರಿ
ತಗಡಿನ ಅಡಿಯಲ್ಲಿ ರೋಡಿಗೆ ಕಿಡಿ ಕುಟ್ಟುತ್ತಿದೆ.
ಒತ್ತಿದೆ. ಒತ್ತಿದೆ.
ಅವನದು ಮುಚ್ಚುವವರೆಗೆ ನನ್ನದಕ್ಕೆ ದಾರಿಯಿಲ್ಲ.
ಹಾರ್ನು ಹೊಡೆದೆ.
ಅದು ಅವನ ಕಿಟಕಿಯೊಳಗೆ ಹೋಗಿ, ಅವನ ಸೆಟ್ಟಿನಿಂದ ಹೊರಟು,
ನನ್ನ ಮಡಿಲಲ್ಲೇ ಬಂದು ಕೂಗಿತು,
ಬೇರೆ ಯಾರದೋ ಗಾಡಿಯ ಹಾಗೆ.
'ಯಾವನೋ ಅವಸರದ ನನ್ಮಗ' ಅಂದ ನನ್ನ ಗಂಡ
ಮತ್ತು ಕೈ ಹೊರಚಾಚಿ, ದೊಡ್ಡ ಮನಸ್ಸು ಮಾಡಿ, ದಾರಿ ಬಿಟ್ಟ.
ಮುಂದೆ ಹೋಗಿ ಅಡ್ಡ ನಿಲ್ಲಿಸಿದೆ.

ಸರಪಳಿ ಬಿಗಿಯುತ್ತ ಕೇಳಿದ, 'ಸೆಟ್ಟಿನಾಗೆ ಹೇಳಬಾರದಾ?'
'ಬ್ಯಾಟರಿ' ಅಂದೆ.

ಸಿಂಧನೂರು ಮುಟ್ಟಿದಾಗ ಕತ್ತಲು. ಸಂತೆಮಾಳದೊಳಗೆ
ಹಿಂದಕ್ಕೆ ಹೋಗಬೇಕು, ಒಂದು ಬದಿ ಚರಂಡಿ.
'ಎಡಕ್ಕೆ.' 'ಯಾರ ಎಡಕ್ಕೆ?'
'ನನ್ನ!' 'ನೀ ಎಲ್ಲಿ ನಿಂತೀ?'
ಮೂರು ಸಲ ಒಳಗೆ, ಮೂರು ಸಲ ಹೊರಗೆ.
ಚಹಾದ ಅಂಗಡಿಯವರೆಲ್ಲ ಎದ್ದು ಬಂದು ನಮಗೆ ಬುದ್ಧಿ ಹೇಳತೊಡಗಿದರು.
ಆಗ ಅಂದೆ, 'ಮಿಷನ್ ಮುಂದೆ ಕುಂತೀನಿ ಅಂದ್ಕೋ.
ಚಕ್ರದ ಕಡೆ ಹೊಳ್ಳಿಸು. ಸಾಕು.
ಈಗ ಸೂಜಿ ಕಡೆ, ಒಂದೇ ಗೇಣು. ಬಿಡು, ಬರಲಿ.'
ಕಾಜಾದೊಳಗೆ ಗುಂಡಿ ಕೂತ ಹಾಗೆ ಕೂತಿತು ಮನೆ,
ಚರಂಡಿ ನಾಲ್ಕು ಬೆರಳು ಆಚೆ.

ಉಂಡು ಮಲಗಿದೆವು, ಅವನು ಮಂಚಕ್ಕೆ, ನಾನು ಕೆಳಗೆ ಗಂಟುಗಳ ಮೇಲೆ.
ಕತ್ತಲಲ್ಲಿ ಟಕ್ ಅಂತು.
'ಗಾದೆಮ್ಮ, ಒಂದು ಮಾತು'
ಎರಡೂ ಸೆಟ್ಟು ಕುಂಯ್ಯೋ ಅಂತ ಕಿರುಚಿ
ಹೊರಗಿನ ನಾಯಿ ಎದ್ದಿತು.
ಇಷ್ಟು ಹತ್ತಿರ ಇಟ್ಟರೆ ಹೀಗಾಗುತ್ತದೆಂದು
ಜಿಲಾನಿ ಹೇಳಿರಲಿಲ್ಲ.
ನನ್ನದನ್ನು ಆರಿಸಿ, ಕಾದೆ.