ಆದರೆ

ಮೊದಲ ಸಾಲು ಯಾವತ್ತೂ ಅಳಿಸುವ ಸಾಲು.
ಹಳೆಯ ನಿಯಮ ಕಿತ್ತೊಗೆಯದೆ ಹೊಸದು ಹಾಕಿದರೆ
ಒಂದರ ಮೇಲೊಂದು ಕೂತು ಫೈಲು ತೆವಳುತ್ತದೆ,
ಕುತಾಯಿಸಿಯ ಹಳೇ ಬಸ್ಸು ಏರು ಹತ್ತಿದ ಹಾಗೆ.
ಇದು ನಾನು ತಪ್ಪು ಮಾಡಿ ಕಲಿತದ್ದು.

ಆಮೇಲೆ ಲೂಪು. ಎರಡನೇ ಸಾಲಿನಿಂದ ಕೊನೆಯವರೆಗೆ
ಮನೆ ಮನೆಗೂ ಹೋಗಿ ಕದ ತಟ್ಟಿ ಕೇಳು:
ನಿನ್ನೊಳಗಿನ ತಾರೀಕು ಯಾವುದು?
ಇವತ್ತಿಗಿಂತ ಹಿಂದಿನದಾದರೆ ಕೆಂಪು.
ಮೂರು ದಿನ ಉಳಿದಿದ್ದರೆ ಹಳದಿ.
ಇಲ್ಲವಾದರೆ ಹಸಿರು, ನೆಮ್ಮದಿಯಾಗಿರು.
ಕೆಂಪೆಂದರೆ ಇನ್ನೂರ ಐವತ್ತೈದು, ಸೊನ್ನೆ, ಸೊನ್ನೆ.
ಕೆಳಗೆ ನೆಲಮಾಳಿಗೆಯ ನಾಲ್ಕು ಡಿಗ್ರಿ ಚಳಿಯಲ್ಲಿ
ಚೀಲ ಚೀಲವಾಗಿ ಮಲಗಿರುವುದಕ್ಕೆ ಆ ಬಣ್ಣವಿಲ್ಲ;
ಅದು ನಮ್ಮ ಕಪ್ಪು ದ್ರಾಕ್ಷಿಯ ಸಿಪ್ಪೆ.

ಎಫ್ ಫೈವ್ ಒತ್ತಿದೆ.

ಹಾಳೆಯ ಬುಡದಲ್ಲಿ, ಇನ್ನೂ ಯಾರೂ ಏನೂ ತುಂಬದ
ಇನ್ನೂರು ಮನೆ ಒಮ್ಮೆಗೇ ಹೊತ್ತಿಕೊಂಡವು.
ಖಾಲಿ ಎಂದರೆ ಅದಕ್ಕೆ ಸೊನ್ನೆ,
ಸೊನ್ನೆ ಎಂದರೆ ಎಲ್ಲಕ್ಕಿಂತ ಹಳೆಯ ದಿನ.
ಯಾರ ತೋಳಿನಿಂದಲೂ ಇಳಿಯದ ರಕ್ತ
ನನ್ನ ಕಣ್ಣೆದುರೇ ಅವಧಿ ಮೀರಿ ಕೆಟ್ಟಿತು.
ನಕ್ಕೆ. ಆಮೇಲೆ ನಗು ನಿಂತಿತು, ಯಾಕೋ.
ಇನ್ನೊಂದು ಷರತ್ತು ಸೇರಿಸಿದೆ: ಖಾಲಿ ಇರದಿದ್ದರೆ.

ರಾತ್ರಿ ಪಾಳಿಯ ಗುರಾಮ್ ಸ್ವೆಟರ್ ತೋಳು ಎಳೆದುಕೊಳ್ಳುತ್ತ
ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದ.
"ಚೆನ್ನಾಗಿದೆ ಲಾಮಾರಾ. ಆದರೆ..."
ಬೆಳಗಿನಿಂದ ನಾನೂ ಅದೇ ಪದ ಬರೆಯುತ್ತಿದ್ದೆ,
ಅವನ ಬಾಯಲ್ಲಿ ಅದಕ್ಕೆ ಬೇರೆಯೇ ತೂಕ.
"ಇದರಲ್ಲಿ ಕೆಂಪು ಯಾವುದು?"

ಹನ್ನೊಂದು ವರ್ಷ.
ಹನ್ನೊಂದು ವರ್ಷದಿಂದ ಈ ಮನುಷ್ಯ
ಒಂದೊಂದು ಚೀಲ ತಿರುಗಿಸಿ, ಚೀಟಿಯ ಮೇಲೆ ಬೆರಳಿಟ್ಟು ಓದುತ್ತಿದ್ದ.
ನಿಧಾನಿ ಎಂದು ನಾವು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು.
ಕೆಂಪೂ ಹಸಿರೂ ಅವನಿಗೆ ಒಂದೇ ಕೆಸರು.
ಮಾರ್ಚ್ ತಿಂಗಳ ರಿಯೋನಿ ನದಿ ಇದೆಯಲ್ಲ, ಆ ಥರ, ಅಂದ.

ನಾನೇನೂ ಹೇಳಲಿಲ್ಲ. ಮತ್ತೆ ಮೊದಲ ಸಾಲಿಗೆ ಹೋದೆ.
ಅಳಿಸು.
ಮುಗಿದದ್ದಕ್ಕೆ ಕಪ್ಪು ನೆಲ, ಬಿಳಿಯ ದಪ್ಪ ಅಕ್ಷರ.
ಮೂರು ದಿನದ್ದಕ್ಕೆ ನೀಲಿ.
ಉಳಿದದ್ದಕ್ಕೆ ಬಣ್ಣವೇ ಬೇಡ, ಹಾಳೆ ಹಾಳೆಯಾಗಿಯೇ ಇರಲಿ.

ಅವತ್ತು ನೀಲಿಯಲ್ಲಿ ಒಂದೇ ಒಂದು: ಓ ನೆಗೆಟಿವ್,
ನಲವತ್ತೆರಡನೇ ದಿನ.
ಗುರಾಮ್ ಮೂರು ಆಸ್ಪತ್ರೆಗೆ ಫೋನ್ ಹಚ್ಚಿದ.
ಬೇಡ. ಬೇಡ. ಮೂರನೆಯವರು ಎತ್ತಲಿಲ್ಲ.
ಯಾರಿಗಾದರೂ ಬೇಕಾದರೆ, ಎಂಬ ಷರತ್ತಿಗೆ
ನನ್ನ ಕೋಡಿನಲ್ಲಿ ಜಾಗವಿರಲಿಲ್ಲ.

ಹನ್ನೆರಡು ದಾಟಿತು. ಅವನು ಒಂದು ಕೀಲಿ ಒತ್ತಿದ,
ನೀಲಿ ಕಪ್ಪಾಯಿತು, ಸದ್ದಿಲ್ಲದೆ.
ಎದ್ದು ಹೋಗಿ ಆ ಚೀಲ ಹೊರತೆಗೆದು ತಂದ.
ಮುಟ್ಟಿ ನೋಡು, ಅಂದ.
ಮುಟ್ಟಿದೆ.
ನಿನ್ನೆ ಎಷ್ಟು ತಣ್ಣಗಿತ್ತೋ ಅಷ್ಟೇ.