ಯಾವ ಬಾಗಿಲು

ಬಾಗಿಲಿನಿಂದ ಬಲೂನಿಗೆ ತೊಂಬತ್ತು ನಿಮಿಷ
ಎಂದು ಗೋಡೆಗೆ ಅಂಟಿಸಿದ್ದಾರೆ.
ನಾನು ಕೇಳಿದ್ದು ಇಷ್ಟೇ, ಡಾಕ್ಟರ್ ಬದ್ರಿಯಾ:
ಯಾವ ಬಾಗಿಲು?

ನಮ್ಮ ಗಾಜಿನ ಬಾಗಿಲು ತಾನಾಗಿಯೇ ಸರಿಯುತ್ತದೆ,
ಅಲ್ಲಿಂದ ಗಡಿಯಾರ ಓಡುತ್ತದೆ, ಸರಿ.
ದೂಮಪ್ಪನ ಕೋಣೆಯದು ತಗಡಿನ ಬಾಗಿಲು.
ಹನ್ನೊಂದು ಮಂಚ, ಒಂದು ಎ.ಸಿ.
ರಾತ್ರಿ ಎರಡಕ್ಕೆ ಎದೆ ಹಿಡಿದು ಎದ್ದು ಕೂತವನಿಗೆ
ಎಲ್ಲರದೂ ಒಂದೇ ಮಾತು: ಗ್ಯಾಸು ಮಾರಾಯ.
ಸೋಡಾ ಕುಡಿಸಿದರು. ಓಮ ಜಗಿಸಿದರು.
ಬೆನ್ನು ನೀವಿದರು, ಪ್ರೀತಿಯಿಂದಲೇ,
ಐವತ್ತು ನಿಮಿಷ.

ಆಮೇಲೆ ಗೇಟು. ಬೀಗದ ಕೈ ಗುಲ್ ಜಮಾನನ ಬಳಿ,
ಗುಲ್ ಜಮಾನ್ ನಿದ್ದೆಯಲ್ಲಿ.
ಆಂಬುಲೆನ್ಸ್ ಬಂತು; ಬಂದು ಸುತ್ತಿತು.
ಸೋಹಾರ್ ಬಂದರಿನ ಹಿಂದಿನ ಆ ಬೀದಿಗಳಿಗೆ ಹೆಸರಿಲ್ಲ,
ನೀಲಿ ಟ್ಯಾಂಕಿನ ಎಡಕ್ಕೆ ಎಂದರೆ
ಅಲ್ಲಿರುವುದೆಲ್ಲ ನೀಲಿ ಟ್ಯಾಂಕುಗಳೇ.

ನಾವು ಬಲೂನು ಊದಿದ್ದು ನಲವತ್ತೊಂದನೆಯ ನಿಮಿಷಕ್ಕೆ.
ವರದಿಯಲ್ಲಿ ಅದು ಹಸಿರು ಬಣ್ಣದಲ್ಲಿದೆ.
ಪೆಟ್ಟಿಗೆ ವಿಮಾನ ಹತ್ತಿದ ಮೇಲೆ ನೋಡಿದರೆ
ಚಪ್ಪಲಿ ನನ್ನ ಕಪಾಟಿನಲ್ಲೇ ಉಳಿದಿತ್ತು.

ಅದಕ್ಕೇ ಈ ಶುಕ್ರವಾರಗಳು.
ಟೇಕ್ ಬಹಾದುರನ ಪಿಕಪ್ಪಿನಲ್ಲಿ ಹೋಗಿ
ಕ್ಯಾಂಪು ಕ್ಯಾಂಪಿಗೆ ನಂಬರು ಬರೆಯುತ್ತೇನೆ,
ಹೆಡ್‌ಲೈಟಿಗೆ ಕಾಣುವ ಹಾಗೆ, ಮೊಳದುದ್ದ, ಬಿಳಿ ಬಣ್ಣ.
ಪರವಾನಗಿ ಇದೆಯೇ ಎಂದರು ಕಂಪನಿಯವರು.
ಬದ್ರಿಯಾ ಅರಬಿಯಲ್ಲಿ ಏನೋ ಅಂದರು,
ಏಣಿ ಬಂತು.

ಮೆಸ್ಸಿನಲ್ಲಿ ನಿಂತು ಹೇಳುತ್ತೇನೆ,
ಅರ್ಧ ಹಿಂದಿ, ಅರ್ಧ ತುಳು, ಮಿಕ್ಕಿದ್ದು ಕೈಸನ್ನೆ:
ಎದೆಯ ಮೇಲೆ ಸಿಮೆಂಟು ಮೂಟೆ ಇಟ್ಟ ಹಾಗಾದರೆ,
ಎಡಗೈ ಸೋತರೆ, ಬೆವತರೆ...
"ಇಲ್ಲಿ ಬೆವರದವರು ಯಾರು ಸಿಸ್ಟರ್?"
ಹಿಂದಿನ ಬೆಂಚಿನಿಂದ ಒಬ್ಬ.
ನಕ್ಕರು. ನಾನೂ ನಕ್ಕೆ.
ಎ.ಸಿ.ಯ ಕೆಳಗೂ ಬೆವತರೆ, ಅಂದೆ.
ಆಗ ಯಾರೂ ನಗಲಿಲ್ಲ.
ಸೋಡಾ ಬೇಡ, ಮೊದಲು ಫೋನು.
ಒಬ್ಬ ಓಡಿ ಗೇಟಿನಲ್ಲಿ ಟಾರ್ಚು ಹಿಡಿದು ನಿಲ್ಲಲಿ.

ನಿನ್ನೆ ರಾತ್ರಿ ಮೂರಕ್ಕೆ ಹತ್ತೊಂಬತ್ತನೆಯ ನಂಬರಿನಿಂದ ಕರೆ.
ಗುಲ್ ಜಮಾನ್ ಈಗ ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡು ಮಲಗುತ್ತಾನೆ;
ಟಾರ್ಚು ಹಿಡಿದವನೂ ಅವನೇ.
ತಗಡಿನ ಬಾಗಿಲಿನಿಂದ ನಮ್ಮ ಮಂಚಕ್ಕೆ ಇಪ್ಪತ್ತೆಂಟು ನಿಮಿಷ.
ತಂತಿ ಅಂಟಿಸಿದೆವು, ರಕ್ತ ತೆಗೆದೆವು,
ಬೆಳಗಾಗುವ ತನಕ ಕಾದು ಇನ್ನೊಮ್ಮೆ ತೆಗೆದೆವು:

ನಿಜವಾಗಿ ಗ್ಯಾಸೇ.

ಹುಡುಗ ನಾಚಿ ಮುದ್ದೆಯಾದ. ಕ್ಷಮಿಸಿ ಮೇಡಂ, ಕ್ಷಮಿಸಿ.
ಮುಂದಿನ ಸಲವೂ ಹೀಗೇ ಬಾ, ಅಂದರು ಬದ್ರಿಯಾ.
ಹೊರಟವನ ಕಾಲು ನೋಡಿದೆ. ಬರಿಗಾಲು.
ಹೊರಗೆ ಆಗಲೇ ಡಾಂಬರು ಕಾಯುತ್ತಿತ್ತು.
ಕಪಾಟು ತೆಗೆದೆ.